ಹಾಕದೇ ಇಟ್ಟ ಸೇಫ್ಟಿ ಶೂ ಸೋಲ್ ಪುಡಿಯಾದರೆ ಅದು ನಕಲಿಯೇ? ಇಲ್ಲಿದೆ ವಾಸ್ತವ

ಒಮ್ಮೆಯೂ ಹಾಕಿರದ ಸೇಫ್ಟಿ ಶೂ. ಸೋಲನ್ನು ಬೆರಳಲ್ಲಿ ಒತ್ತಿದರೆ ಒಣ ರಸ್ಕಿನಂತೆ ಉದುರುತ್ತದೆ. ಇದನ್ನು ಕಂಡವರು ಮೊದಲು ಹೇಳುವ ಮಾತು, ‘ಇದು ಡೂಪ್ಲಿಕೇಟ್ ಮಾಲು, ಮೋಸ ಹೋಗಬೇಡಿ’. ಹಾಗಾದರೆ ಸೋಲ್ ಉದುರಿದ ಶೂ ಎಲ್ಲವೂ ನಕಲಿಯೇ?

ಚುಟುಕು ಉತ್ತರ: ಅಲ್ಲ. ಅಸಲಿ, ಐಎಸ್‌ಐ ಗುರುತಿನ ಶೂಗೂ ಹೀಗಾಗಬಹುದು. ಆದರೆ ಅಂಥ ಶೂ ಹಾಕಿಕೊಂಡು ಕೆಲಸಕ್ಕೆ ಹೋಗುವುದು ಮಾತ್ರ ಅಪಾಯ.

ಸೋಲ್ ಪುಡಿಯಾಗುವುದೇಕೆ?

ಹೆಚ್ಚಿನ ಸೇಫ್ಟಿ ಶೂಗಳ ಸೋಲ್ ಪಾಲಿಯುರೆಥೇನ್ (ಪಿಯು) ಎಂಬ ಹಗುರ ಪ್ಲಾಸ್ಟಿಕ್‌ನದು. ಗಾಳಿಯಲ್ಲಿರುವ ನೀರಿನಂಶ ಇದರೊಳಗೆ ಸೇರಿ, ಅದರ ಉದ್ದನೆಯ ಅಣುಸರಪಳಿಗಳನ್ನು ನಿಧಾನವಾಗಿ ತುಂಡರಿಸುತ್ತದೆ. ಇದಕ್ಕೆ ಹೈಡ್ರಾಲಿಸಿಸ್, ಅಂದರೆ ಜಲವಿಭಜನೆ ಎನ್ನುತ್ತಾರೆ. ಸೆಖೆ ಮತ್ತು ತೇವ ಎರಡೂ ಇರುವ ಕರಾವಳಿಯಂಥ ಕಡೆ ಇದು ಬೇಗ ಆಗುತ್ತದೆ. ‘ಹಾಳಾಗದಿರಲಿ’ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಅಟ್ಟಕ್ಕೆ ಹಾಕಿದರೆ ತೇವ ಒಳಗೇ ಉಳಿದು ಇನ್ನಷ್ಟು ಹಾಳು. ರಬ್ಬರ್ ಸೋಲ್‌ಗೆ ಈ ತೊಂದರೆ ಕಡಿಮೆ.

ಹಾಗಾಗಿ ಕೊಳ್ಳುವಾಗ ಬೆಲೆಯ ಜೊತೆಗೆ ಶೂ ಮೇಲೆ ನಮೂದಿಸಿರುವ ತಯಾರಿಕೆಯ ಅವಧಿಯನ್ನೂ ನೋಡಿ. ಭಾರಿ ರಿಯಾಯಿತಿಯ ಹಳೇ ಸ್ಟಾಕ್ ಆಗಿದ್ದರೆ ಎಚ್ಚರ. ಶೂವನ್ನು ಬಗ್ಗಿಸಿ ನೋಡಿ. ಸೋಲ್‌ನಲ್ಲಿ ಬಿರುಕು, ಅಂಟು, ಪುಡಿ ಕಂಡರೆ ಅದು ಬೇಡ.

‘ಮೇಲೆ ಏನೂ ಆಗಿಲ್ಲ, ಇನ್ನೂ ಹಾಕಬಹುದು’

ಇದು ಅತಿ ಅಪಾಯದ ನಂಬಿಕೆ. ಐಎಸ್ 15298 (ಭಾಗ 2) ಮಾನದಂಡದ ಸೇಫ್ಟಿ ಶೂನ ಮುಂಭಾಗದ ಟೋ ಕ್ಯಾಪ್ 200 ಜೂಲ್ ಹೊಡೆತ ತಡೆಯಬೇಕು. ಅಂದರೆ 20 ಕೆ.ಜಿ. ಭಾರ ಸುಮಾರು 1 ಮೀಟರ್ ಎತ್ತರದಿಂದ ಬಿದ್ದಷ್ಟು. ಆದರೆ ಅಂಥ ಪೆಟ್ಟು ತಿಂದಾಗ ಸ್ಟೀಲ್ ಕ್ಯಾಪ್ ಒಳಕ್ಕೆ ಬಾಗಬಹುದು, ಫೈಬರ್ ಕ್ಯಾಪ್ ಸೀಳಬಹುದು. ಮೇಲಿನ ಚರ್ಮ ನೆಟ್ಟಗೇ ಕಾಣುತ್ತದೆ. ಎರಡನೇ ಪೆಟ್ಟಿಗೆ ಬೆರಳು ಜಜ್ಜಿಹೋಗುತ್ತದೆ. ಭಾರವಾದದ್ದು ಬಿದ್ದ ಶೂವನ್ನು ಬದಲಿಸಿ. ಸುತ್ತಿಗೆಯಿಂದ ತಟ್ಟಿ ಸರಿ ಮಾಡಬೇಡಿ.

ಆರೈಕೆಯಲ್ಲಿ ಸಾಮಾನ್ಯ ತಪ್ಪುಗಳು

ಬಿಸಿಲಿಗೆ ಅಥವಾ ಒಲೆಯ ಪಕ್ಕ ಒಣಗಿಸುವುದು: ಚರ್ಮ ಗಡಸಾಗಿ ಬಿರಿಯುತ್ತದೆ, ಸೋಲ್‌ನ ಅಂಟು ಬಿಡುತ್ತದೆ. ಒಳ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ, ನೆರಳಲ್ಲಿ ಫ್ಯಾನ್ ಗಾಳಿಗೆ ಇಡಿ. ಪೇಪರ್ ಒದ್ದೆಯಾದಂತೆ ಬದಲಿಸಿ.

ಗ್ರೀಸ್ ತೆಗೆಯಲು ಪೆಟ್ರೋಲ್, ಥಿನ್ನರ್: ಕೊಳೆ ಹೋಗುತ್ತದೆ ನಿಜ, ಜೊತೆಗೆ ಸೋಲ್ ಮತ್ತು ಅಂಟೂ ಹಾಳಾಗುತ್ತವೆ. ಸೋಪು ನೀರು, ಬ್ರಷ್ ಸಾಕು. ವಾಷಿಂಗ್ ಮಷಿನ್ ಬೇಡ.

ಸಿಮೆಂಟ್ ‘ನಾಳೆ ಉಜ್ಜಿದರಾಯಿತು’ ಎನ್ನುವುದು: ಹಸಿ ಸಿಮೆಂಟ್ ತೀವ್ರ ಕ್ಷಾರ. ಚರ್ಮವನ್ನು ಒಣಗಿಸಿ ಬಿರಿಸುತ್ತದೆ. ಅಂದೇ ಒದ್ದೆ ಬಟ್ಟೆಯಿಂದ ಒರೆಸಿ.

ದಪ್ಪ ಅಟ್ಟೆ ಸೇರಿಸುವುದು: ಬೆರಳು ಮತ್ತು ಟೋ ಕ್ಯಾಪ್ ನಡುವಿನ ಜಾಗ ಕಡಿಮೆಯಾಗುತ್ತದೆ. ಆಂಟಿಸ್ಟ್ಯಾಟಿಕ್ ಶೂ ಆಗಿದ್ದರೆ ಆ ಗುಣವೂ ಹೋಗಬಹುದು.

ಸೋಲ್‌ಗೆ ಮೊಳೆ ಹೊಡೆಸುವುದು: ತೂತಿನಿಂದ ನೀರು ಒಳಬರುತ್ತದೆ. ವಿದ್ಯುತ್ ಕೆಲಸದವರಿಗೆ ಆ ಮೊಳೆಯೇ ಪ್ರಾಣಕ್ಕೆ ಕುತ್ತು ತರಬಹುದು.

ದಿನವಿಡೀ ಬೆವರುವ ಕಾಲಿಗೆ ಸಾಧ್ಯವಾದರೆ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ.

ಯಾವಾಗ ಬದಲಿಸಬೇಕು?

ಇಷ್ಟೇ ತಿಂಗಳು ಎಂಬ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಫೌಂಡ್ರಿಯವರ ಶೂ, ಗೋದಾಮಿನವರ ಶೂ ಒಂದೇ ರೀತಿ ಸವೆಯುವುದಿಲ್ಲ. ಸೋಲ್‌ನ ಹಲ್ಲುಗಳ ಎತ್ತರ 1.5 ಮಿ.ಮೀ.ಗಿಂತ ಕಡಿಮೆಯಾದರೆ, ಸೋಲ್ ಬಿಟ್ಟುಕೊಂಡರೆ, ಚರ್ಮದಲ್ಲಿ ಆಳದ ಬಿರುಕು ಬಂದರೆ, ಟೋ ಕ್ಯಾಪ್ ಹೊರಗೆ ಕಂಡರೆ ಅದರ ಆಯಸ್ಸು ಮುಗಿಯಿತು. ಕೈಯನ್ನು ಶೂ ಒಳಗೆ ಹಾಕಿಯೂ ನೋಡಿ. ಚೂಪಾದ ಅಂಚು ತಾಗಬಾರದು.

ಹೊಸ ಶೂಗೆ ದುಡ್ಡು ಯಾರದು?

ಇದು ಹಲವರಿಗೆ ಗೊತ್ತಿಲ್ಲ. ಕಾನೂನು ಪ್ರಕಾರ ಕಾರ್ಖಾನೆ ಒದಗಿಸಬೇಕಾದ ಸುರಕ್ಷತಾ ಸಾಧನಕ್ಕೆ ಕಾರ್ಮಿಕರಿಂದ ಹಣ ಪಡೆಯುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 114ನೇ ಸೆಕ್ಷನ್ ಇದನ್ನು ಹೇಳಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಸುರಕ್ಷತೆಯ ಖರ್ಚನ್ನು ನೌಕರರ ಮೇಲೆ ಹಾಕುವುದನ್ನು ತಡೆಯುತ್ತದೆ. ಸವೆದ ಶೂವನ್ನು ಸೂಪರ್‌ವೈಸರ್‌ಗೆ ತೋರಿಸಿ ಬೇರೆ ಕೇಳಲು ಹಿಂಜರಿಯಬೇಡಿ.

ತೀರ್ಮಾನ

ಸೋಲ್ ಉದುರಿತೆಂಬ ಒಂದೇ ಕಾರಣಕ್ಕೆ ಶೂ ನಕಲಿ ಎನ್ನುವುದು ತಪ್ಪು. ಹಾಕದೇ ಇಟ್ಟರೆ ಶೂ ಹೊಸದಾಗೇ ಇರುತ್ತದೆ ಎನ್ನುವುದೂ ತಪ್ಪು. ಮನೆಯಲ್ಲಿ ಯಾರಾದರೂ ಸೇಫ್ಟಿ ಶೂ ಹಾಕುವವರಿದ್ದರೆ, ನಾಳೆ ಅವರು ಡ್ಯೂಟಿಗೆ ಹೊರಡುವ ಮುನ್ನ ಶೂ ತಿರುಗಿಸಿ ಸೋಲ್ ನೋಡಲು ಹೇಳಿ. ಈ ಮಾಹಿತಿಯನ್ನು ಅವರಿಗೂ ಕಳುಹಿಸಿ.