ಸೊಂಟದ ಬರೆ ಮತ್ತು ಕಾದ ಸೂಜಿ

ನನ್ನ ಆಯಿಯ ಸೊಂಟದ ಮೇಲೆ ಮೂರು ಬರೆಗಳಿದ್ದವು. ಕೋಲಸಿರ್ಸಿಯ ಸುತ್ತಿನ ಹಳ್ಳಿಗಳಲ್ಲಿ ಆ ಕಾಲದ ಹೆಂಗಸರ ಮೈಮೇಲೆ ಅವು ಅಪರೂಪವೇನಲ್ಲ. ಅಡಕೆ ತೋಟವೆಂದರೆ ಸೊಪ್ಪಿನ ಬೆಟ್ಟ ಇರಲೇಬೇಕು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟವನ್ನು ಬಿಟ್ಟುಕೊಟ್ಟದ್ದು ನಮ್ಮ ಜಿಲ್ಲೆಯ ಹಳೆಯ ಕ್ರಮ. ಆ ಬೆಟ್ಟದ ಸೊಪ್ಪೂ ದರಕೂ ತೋಟಕ್ಕೆ ಇಳಿಯುತ್ತಿದ್ದುದು ತಲೆಹೊರೆಯಲ್ಲಿ. ವಯಸ್ಸು ನಲವತ್ತು ದಾಟುವಷ್ಟರಲ್ಲಿ ಸೊಂಟ ಸೋಲುತ್ತಿತ್ತು. ಆಗ ಊರಿನ ಅಜ್ಜನೊಬ್ಬ ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಕೆಂಡವಾದ ತುದಿಯನ್ನು ನೋವಿದ್ದಲ್ಲಿ ಒತ್ತುತ್ತಿದ್ದ.

ನಾಲ್ಕಕ್ಷರ ಕಲಿತ ನಾನು ಅದನ್ನು ಮೌಢ್ಯವೆಂದು ಹಳಿದೆ. ತರಗತಿಯಲ್ಲಿಯೂ ಹಾಗೆಯೇ ಪಾಠ ಹೇಳಿದೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿದ್ದೀತು. ಆ ಪಾಠಕ್ಕೊಂದು ತಿದ್ದುಪಡಿ ಆಗಬೇಕಾಗಿದೆ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯವು ಅಗ್ನಿಕರ್ಮಕ್ಕೇ ಮೀಸಲು. ಚರ್ಮವನ್ನು ಸುಡಲು ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು, ಲೋಹದ ಸಲಾಕೆ; ಕೀಲು, ಸ್ನಾಯುಗಳಿಗೆ ಕಾದ ಜೇನು, ಬೆಲ್ಲ, ಎಣ್ಣೆ ಎಂದು ಸಾಧನಗಳನ್ನು ವಿಂಗಡಿಸಿದೆ. ಬರೆ ಚುಕ್ಕೆಯಂತಿರಬೇಕೋ ಬಳೆಯಂತಿರಬೇಕೋ ಗೆರೆಯಂತಿರಬೇಕೋ ಎಂಬುದನ್ನೂ, ಶರದ್ ಮತ್ತು ಗ್ರೀಷ್ಮ ಋತುಗಳಲ್ಲಿ ಸುಡಬಾರದೆಂಬುದನ್ನೂ ಹೇಳಿದೆ. ಸೊಂಟದಿಂದ ಕಾಲಿಗಿಳಿಯುವ ಗೃಧ್ರಸಿ ನೋವಿಗೆ ಚರಕ ಸಂಹಿತೆಯೂ ರಕ್ತಮೋಕ್ಷಣ, ಬಸ್ತಿಗಳೊಡನೆ ಅಗ್ನಿಕರ್ಮವನ್ನು ವಿಧಿಸಿದೆ. ನಮ್ಮ ಅಜ್ಜ ಇದಾವುದನ್ನೂ ಓದಿದವನಲ್ಲ, ಆ ಮಾತು ಬೇರೆ.

ನೋವು ಹುಟ್ಟಿದ ಜಾಗವನ್ನು ಬಿಟ್ಟು ಅದು ಸಾಗುವ ದಾರಿಯಲ್ಲಿಯೇ ಅದನ್ನು ತಡೆಯಬಹುದೆಂಬ ಯೋಚನೆ ಬಹಳ ಈಚಿನದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಅದೇ ಕೊಕೇನನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚಿದ. ಪರೀಕ್ಷೆಗಾಗಿ ಸಹಾಯಕ ಹಿಲ್ಡೆಬ್ರಾಂಟನ ಬೆನ್ನಿಗೆ ಚುಚ್ಚಿ, ಮರಗಟ್ಟಿದ ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ಹೊಡೆದು ನೋಡಿದನಂತೆ! ಆಮೇಲೆ ಇಬ್ಬರೂ ತಲೆನೋವಿನಿಂದ ನರಳಿದರು. 1901ರಲ್ಲಿ ಪ್ಯಾರಿಸಿನ ಸಿಕಾರ್, ಬಾಲಮೂಳೆಯ ಬಳಿಯ ಸಣ್ಣ ಕಿಂಡಿಯಿಂದ ಮದ್ದನ್ನು ಒಳಬಿಟ್ಟು ಗೃಧ್ರಸಿಯನ್ನೇ ಶಮನಗೊಳಿಸಲೆತ್ನಿಸಿದ. ಇಂದಿನ ಬೆನ್ನಿನ ಇಂಜೆಕ್ಷನ್ನುಗಳ ಮೂಲ ಅಲ್ಲಿದೆ.

ಇದನ್ನೆಲ್ಲ ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಮೊದಲಿಗ ಜಾನ್ ಬೊನಿಕಾ. ಮುಖವಾಡ ಧರಿಸಿ ಕುಸ್ತಿಯಾಡಿ ವೈದ್ಯಶಿಕ್ಷಣದ ಖರ್ಚು ಹೊಂದಿಸಿಕೊಂಡ ಈತ, ಆ ಕುಸ್ತಿಯ ಪೆಟ್ಟುಗಳಿಂದಲೇ ಬಾಳಿನುದ್ದಕ್ಕೂ ನೋವುಂಡವನು. 1953ರಲ್ಲಿ ನೋವಿನ ನಿರ್ವಹಣೆಯ ಕುರಿತು ಅವನ ಬೃಹದ್ಗ್ರಂಥ ಪ್ರಕಟವಾಯಿತು.

ಮುಂದಿನ ಘಟನೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. 1971ರಲ್ಲಿ ಆಸ್ಟ್ರೇಲಿಯಾದ ರೀಸ್ ಎಂಬ ವೈದ್ಯ, ಬೆನ್ನುಮೂಳೆಯ ಚಿಕ್ಕ ಕೀಲುಗಳ ನರಗಳನ್ನು ಚರ್ಮದ ಮೂಲಕವೇ ಸಣ್ಣ ಅಲಗಿನಿಂದ ಕತ್ತರಿಸಿದೆನೆಂದೂ ಬಹುತೇಕ ಎಲ್ಲರಿಗೂ ಗುಣವಾಯಿತೆಂದೂ ವರದಿ ಮಾಡಿದ. ಅಂಗರಚನೆಯನ್ನು ಅಳೆದು ನೋಡಿದವರಿಗೆ ತಿಳಿದದ್ದೆಂದರೆ, ಆ ಅಲಗು ನರವನ್ನು ಮುಟ್ಟುವಷ್ಟು ಉದ್ದವೇ ಇರಲಿಲ್ಲ! ಅಮೆರಿಕದ ನಾರ್ಮನ್ ಶೀಲಿ ಅಲಗನ್ನು ಬಿಟ್ಟು, ರೇಡಿಯೋ ತರಂಗಾಂತರದ ವಿದ್ಯುತ್ತಿನಿಂದ ಬಿಸಿಯಾಗುವ ಸೂಜಿಯನ್ನು ಹಿಡಿದ. 1975ರಲ್ಲಿ ಆ ಕ್ರಮವನ್ನು ಪ್ರಕಟಿಸಿದ.

ಅದೇ ಸೂಜಿ ಕೆಲವು ವರ್ಷಗಳ ಹಿಂದೆ ನನ್ನ ಬೆನ್ನಿಗೂ ಇಳಿಯಿತು. ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ ಮೊದಲು ಮರಗಟ್ಟಿಸುವ ಮದ್ದನ್ನು ಚುಚ್ಚಿ, ಯಾವ ನರವೆಂದು ಖಚಿತಪಡಿಸಿಕೊಂಡರು. ಇನ್ನೊಂದು ದಿನ ಕವುಚಿ ಮಲಗಿಸಿ, ಎಕ್ಸ್‌ರೇ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತ, ಎಂಬತ್ತು ಡಿಗ್ರಿ ಸೆಲ್ಸಿಯಸ್ ಶಾಖವನ್ನು ಒಂದೂವರೆ ನಿಮಿಷ ಕೊಟ್ಟರು. ಆ ಒಂದೂವರೆ ನಿಮಿಷ ನನ್ನ ಮನಸ್ಸಿನಲ್ಲಿದ್ದುದು ಅರಿಶಿನದ ಕೊಂಬು.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಜ್ಜನ ಬರೆ ಚರ್ಮವನ್ನು ದಾಟುತ್ತಿರಲಿಲ್ಲ. ಹುಣ್ಣು ಕೀತು ಜ್ವರ ಬಂದವರೂ ಉಂಟು. ಅಳುವ ಹಸುಗೂಸುಗಳಿಗೆ ಬರೆಯಿಡುತ್ತಿದ್ದುದನ್ನಂತೂ ನಾನು ಇಂದಿಗೂ ಕ್ಷಮಿಸಲಾರೆ. ಆದರೆ ಒಂದೆಡೆಯ ಉರಿ ಇನ್ನೊಂದೆಡೆಯ ನೋವನ್ನು ಅಡಗಿಸುತ್ತದೆಂಬುದನ್ನು 1979ರಲ್ಲಿ ಫ್ರಾನ್ಸಿನ ಲೆ ಬಾರ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದ್ದಾರೆ. ಇತ್ತ ಕಾದ ಸೂಜಿಯೂ ಪ್ರಶ್ನಾತೀತವಲ್ಲ: ವ್ಯಾಯಾಮದ ಜೊತೆಗೆ ಅದನ್ನು ಸೇರಿಸಿದರೂ ಗಣನೀಯ ಲಾಭವಿಲ್ಲವೆಂದು 2017ರಲ್ಲಿ ನೆದರ್ಲೆಂಡ್ಸಿನ ಪರೀಕ್ಷೆಗಳು ವರದಿ ಮಾಡಿದವು. ನನಗೆ ಹತ್ತು ತಿಂಗಳು ಸುಖವಿತ್ತು. ಸುಟ್ಟ ನರ ಮತ್ತೆ ಚಿಗುರುತ್ತದೆ, ಬೇಕಾದರೆ ಇನ್ನೊಮ್ಮೆ ಮಾಡೋಣ ಎಂದರು ವೈದ್ಯರು.

ಬರೆ ಹಾಕಿಸಿಕೊಂಡ ಮೇಲೆ ಒಂದು ಮಳೆಗಾಲ ಚೆನ್ನಾಗಿ ಹೋಯಿತು ಎಂದು ಆಯಿ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಆ ಮೂರು ಬರೆಗಳು ಒಂದೇ ದಿನದವಾಗಿರಲಿಲ್ಲ.