ನೇಕಾರರ ಆಟ, ನಗಿಸುವ ಕ್ಯಾಮೆರಾ

ಚುನಾವಣೆ ಬಿಟ್ಟರೆ ನಮ್ಮ ಚಾನೆಲ್ಲಿನ ಓಬಿ ವ್ಯಾನ್ ಬಾಗಲಕೋಟೆ ಜಿಲ್ಲೆಯ ಆ ಕಡೆಗೆ ಹೋಗುವುದು ಮೂರೇ ಕಾರಣಕ್ಕೆ. ಕೃಷ್ಣೆಗೆ ಪ್ರವಾಹ ಬಂದರೆ ಜಮಖಂಡಿ. ಕಬ್ಬಿನ ದರಕ್ಕೆ ರೈತರು ರಸ್ತೆಗಿಳಿದರೆ ಮುಧೋಳ. ಆಲಮಟ್ಟಿ ಹಿನ್ನೀರಿಗೆ ನೆಲ ಕೊಟ್ಟವರು ಪರಿಹಾರ ಕೇಳಿದರೆ ಬೀಳಗಿ. ರಬಕವಿ-ಬನಹಟ್ಟಿಗೆ ನಾವು ಹೋಗುವುದೇ ಅಪರೂಪ. ಅಲ್ಲಿ ಮಗ್ಗ ನಡೆದರೂ ನಮಗೆ ಸುದ್ದಿಯಲ್ಲ, ನಿಂತರೂ ಸುದ್ದಿಯಲ್ಲ.

ಒಂದು ಚಳಿಗಾಲದ ಶನಿವಾರ, ಬೇರೆ ಕೆಲಸಕ್ಕೆ ಹೋದವನು ಬನಹಟ್ಟಿಯಲ್ಲಿ ಉಳಿದುಕೊಂಡೆ. ರಾತ್ರಿ ಊಟ ಮುಗಿಸಿ ಓಣಿಯಲ್ಲಿ ಅಡ್ಡಾಡುತ್ತಿದ್ದಾಗ ಒಂದು ಪವರ್‌ಲೂಮ್ ಶೆಡ್ಡಿನೊಳಗೆ ಇಣುಕಿದೆ. ನಾಲ್ಕು ಮಗ್ಗ, ಒಬ್ಬ ಹುಡುಗ. ಎದುರಿಗೆ ಗೋಡೆಯ ಮೊಳೆಗೆ ಕಟ್ಟಿದ ಮೊಬೈಲು. ಅದರಲ್ಲಿ ಇಂಗ್ಲಿಷ್ ಫುಟ್ಬಾಲು, ನೇರ ಪ್ರಸಾರ. ಆಡುತ್ತಿದ್ದವರಲ್ಲಿ ಒಂದು ತಂಡ ಬರ್ನ್ಲಿ.

‘ಆಟ ನೋಡ್ಕೋತ ನೇಯಾಕ ಆಗತೈತೇನಪಾ?’ ಅಂದೆ.

‘ಎಳಿ ಹರದ್ರ ಸಪ್ಪಳದಾಗ ಗೊತ್ತಾಗತೈತ್ರೀ ಸರ. ಕಣ್ಣು ಆಟಕ್ಕ, ಕಿವಿ ಮಗ್ಗಕ್ಕ’ ಅಂದ.

ಆ ಹುಡುಗನಿಗೆ ಗೊತ್ತಿಲ್ಲದ್ದು, ಆವತ್ತು ನನಗೂ ಗೊತ್ತಿಲ್ಲದ್ದು ಒಂದಿತ್ತು. ಅವನು ನೋಡುತ್ತಿದ್ದ ಆಟವನ್ನು ಬೆಳೆಸಿದವರು ಅವನಂಥ ನೇಕಾರರೇ. ಆಮೇಲೆ ಬೆಂಗಳೂರಿಗೆ ಬಂದು ಓದಿಕೊಂಡೆ. ಓದಿದ್ದನ್ನು ಹೇಳುತ್ತೇನೆ, ಕೇಳಿ.

ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆ. ಬ್ಲ್ಯಾಕ್‌ಬರ್ನ್, ಬರ್ನ್ಲಿ, ಪ್ರೆಸ್ಟನ್, ಬೋಲ್ಟನ್ ಎಲ್ಲವೂ ಹತ್ತಿಗಿರಣಿಯ ಊರುಗಳು. 1850ರಲ್ಲಿ ಒಂದು ಕಾಯ್ದೆ ಬಂತು. ಶನಿವಾರ ಮಧ್ಯಾಹ್ನ ಎರಡು ಗಂಟೆಯ ನಂತರ ಜವಳಿ ಗಿರಣಿಗಳಲ್ಲಿ ಹೆಂಗಸರಿಂದ, ಎಳೆಯರಿಂದ ಕೆಲಸ ಮಾಡಿಸುವಂತಿಲ್ಲ. ಅವರಿಲ್ಲದೆ ಗಿರಣಿ ನಡೆಯುವುದೆಲ್ಲಿಂದ ಬಂತು? ಎಲ್ಲರಿಗೂ ಅರ್ಧ ದಿನ ರಜೆ ಸಿಕ್ಕಿತು. ಎರಡಕ್ಕೆ ಗಿರಣಿ ಬಿಟ್ಟು ಮೂರಕ್ಕೆ ಮೈದಾನ. ಇವತ್ತಿಗೂ ಇಂಗ್ಲೆಂಡಿನಲ್ಲಿ ಫುಟ್ಬಾಲಿನ ಹೊತ್ತು ಅಂದರೆ ಶನಿವಾರ ಮಧ್ಯಾಹ್ನ ಮೂರು ಗಂಟೆ. ನಮ್ಮ ಗಡಿಯಾರದಲ್ಲಿ ಚಳಿಗಾಲದ ರಾತ್ರಿ ಎಂಟೂವರೆ.

ಆದರೆ ದೊಡ್ಡ ಕಪ್ಪು ಗೆಲ್ಲುತ್ತಿದ್ದವರು ಶ್ರೀಮಂತರು. ಈಟನ್ ಎಂಬ ಪ್ರತಿಷ್ಠಿತ ಶಾಲೆಯಲ್ಲಿ ಓದಿದವರ ‘ಓಲ್ಡ್ ಈಟೋನಿಯನ್ಸ್’ 1882ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. ಮರುವರ್ಷ, 1883ರ ಮಾರ್ಚ್ 31ರಂದು ಲಂಡನ್ನಿನ ಓವಲ್ ಮೈದಾನದ ಫೈನಲ್ಲಿನಲ್ಲಿ ಅವರೆದುರು ನಿಂತದ್ದು ಬ್ಲ್ಯಾಕ್‌ಬರ್ನ್ ಒಲಿಂಪಿಕ್. ಆ ತಂಡದಲ್ಲಿ ನೇಕಾರರಿದ್ದರು, ಫೌಂಡ್ರಿ ಕೆಲಸದವರಿದ್ದರು, ನಾಯಕ ಪ್ಲಂಬರ್. ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದರು. ಗೆಲುವಿನ ಗೋಲು ಹೊಡೆದ ಜಿಮ್ಮಿ ಕಾಸ್ಟ್ಲಿ ಗಿರಣಿಯಲ್ಲಿ ನೂಲು ತೆಗೆಯುವವನು. ಮುಂದಿನ ಮೂರು ವರ್ಷ ಅದೇ ಊರಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಕಪ್ಪು ಹಿಡಿಯಿತು. 1888ರಲ್ಲಿ ಹನ್ನೆರಡು ತಂಡಗಳ ಮೊದಲ ಲೀಗ್ ಶುರುವಾದಾಗ ಅದರಲ್ಲಿ ಆರು ಲ್ಯಾಂಕಶೈರಿನವು. ಮರುವರ್ಷ ಒಲಿಂಪಿಕ್ ತಂಡ ಬಾಗಿಲು ಹಾಕಿತು. ಒಂದು ಊರಿನಿಂದ ಒಂದೇ ತಂಡ ತೆಗೆದುಕೊಂಡರು, ಆ ಜಾಗ ರೋವರ್ಸ್‌ಗೆ ಸಿಕ್ಕಿತ್ತು.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. 1884ರ ಫೈನಲ್ಲಿಗೆ ಬ್ಲ್ಯಾಕ್‌ಬರ್ನಿನ ಜನ ರೈಲು ಹತ್ತಿ ಲಂಡನ್ನಿಗೆ ಬಂದರು. ರಾಜಧಾನಿಯ ಪತ್ರಿಕೆಯೊಂದು ಏನು ಬರೆಯಿತು ಗೊತ್ತೇ? ಅವರ ಬಟ್ಟೆ ಒರಟು, ಅವರ ಮಾತು ವಿಚಿತ್ರ, ಕಾಡುಜನ ಊರಿಗೆ ನುಗ್ಗಿದಂತೆ ಇತ್ತು ಅಂತ. ಲಂಡನ್ನಿನವರು ತೊಟ್ಟ ಬಟ್ಟೆಯನ್ನು ನೇಯ್ದವರು ಆ ಜನ. ಅವರ ಬಟ್ಟೆ ಕಂಡೇ ನಕ್ಕರು!

1931ರ ಸೆಪ್ಟೆಂಬರಿನಲ್ಲಿ ಅದೇ ಸೀಮೆಗೆ ಗಾಂಧೀಜಿ ಹೋದರು. ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಬಂದಿದ್ದವರು ಬ್ಲ್ಯಾಕ್‌ಬರ್ನಿನ ಪಕ್ಕದ ಡಾರ್ವೆನ್‌ಗೆ ಬಂದರು. ನಮ್ಮ ಕೈಮಗ್ಗಗಳ ಅನ್ನ ಕಸಿದದ್ದು ಇವೇ ಗಿರಣಿಗಳ ಬಟ್ಟೆ. ನಮ್ಮ ವಿದೇಶಿ ಬಟ್ಟೆ ಬಹಿಷ್ಕಾರದಿಂದ ಪೆಟ್ಟು ತಿಂದವರೂ ಇವೇ ಗಿರಣಿಗಳ ಕೂಲಿಗಳು. ಆದರೂ ಗಿರಣಿಯ ಹೆಣ್ಣುಮಕ್ಕಳು ಅವರನ್ನು ಸುತ್ತುವರಿದು ಕೈ ಎತ್ತಿ ಸಂತೋಷದಿಂದ ಕೂಗಿದರು. ಆ ಫೋಟೊ ಇವತ್ತಿಗೂ ಇದೆ. ಅಲ್ಲಿ ಕ್ಯಾಮೆರಾ ಯಾರನ್ನೂ ಸಣ್ಣವರನ್ನಾಗಿ ಮಾಡಲಿಲ್ಲ. ಹಾಗಾದರೆ ತಪ್ಪು ಕ್ಯಾಮೆರಾದ್ದಲ್ಲ, ಹಿಡಿದವನದ್ದು.

ಮುಂದೆ ಟಿವಿ ಬಂತು. 1964ರಲ್ಲಿ ಬಿಬಿಸಿ ‘ಮ್ಯಾಚ್ ಆಫ್ ದ ಡೇ’ ಶುರು ಮಾಡಿತು. ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್, ಮಾಂಸದ ವ್ಯಾಪಾರಿ, ನಮ್ಮ ಮೈದಾನಕ್ಕೆ ನಿಮ್ಮ ಕ್ಯಾಮೆರಾ ಬೇಡ ಅಂದುಬಿಟ್ಟ. ಮನೆಯಲ್ಲಿ ಕೂತು ನೋಡುವುದು ರೂಢಿಯಾದರೆ ಮೈದಾನಕ್ಕೆ ಯಾರು ಬರುತ್ತಾರೆ ಎಂಬುದು ಅವನ ವಾದ. ಜನ ಅವನನ್ನು ಹಟಮಾರಿ ಎಂದರು. ಆದರೆ ಶನಿವಾರ ಮಧ್ಯಾಹ್ನ 2.45ರಿಂದ 5.15ರ ತನಕ ಬ್ರಿಟನ್ನಿನ ಟಿವಿಯಲ್ಲಿ ಫುಟ್ಬಾಲು ನೇರ ತೋರಿಸಬಾರದು ಎಂಬ ನಿಯಮದ ಹಿಂದೆ ಇದ್ದದ್ದು ಅವನ ವಾದವೇ. ತಮಾಷೆ ನೋಡಿ. ಮೂರು ಗಂಟೆಯ ಬರ್ನ್ಲಿ ಪಂದ್ಯವನ್ನು ಬರ್ನ್ಲಿಯವನು ಮನೆಯಲ್ಲಿ ಕೂತು ನೋಡುವಂತಿಲ್ಲ, ಬನಹಟ್ಟಿಯವನು ಮಗ್ಗದ ಮುಂದೆ ನಿಂತು ನೋಡಬಹುದು!

1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿತು. ಐದು ವರ್ಷದ ಟಿವಿ ಹಕ್ಕಿಗೆ 30.4 ಕೋಟಿ ಪೌಂಡ್. 2025ರಿಂದ ನಾಲ್ಕು ವರ್ಷಕ್ಕೆ, ಬ್ರಿಟನ್ ಒಂದರಿಂದಲೇ 670 ಕೋಟಿ ಪೌಂಡ್. ಪಂದ್ಯ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಈಗ ಬಹುಪಾಲು ಟಿವಿ ನಿರ್ಧರಿಸುತ್ತದೆ.

2010ರ ನವೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸನ್ನು ಕೊಂಡದ್ದು ಪುಣೆಯ ಕೋಳಿ ಉದ್ಯಮ, ವೆಂಕೀಸ್. 2012ರ ಮೇ 7ರಂದು ಸೋತು ತಂಡ ಕೆಳಗಿನ ದರ್ಜೆಗೆ ಬಿತ್ತು. ಆ ರಾತ್ರಿ ಅಭಿಮಾನಿಗಳಲ್ಲಿ ಯಾರೋ ಮೈದಾನಕ್ಕೆ ಒಂದು ಜೀವಂತ ಕೋಳಿ ಬಿಟ್ಟರು. ಅದು ಓಡಿದ ದೃಶ್ಯ ಜಗತ್ತೆಲ್ಲ ಓಡಿತು. ನಾನೂ ಓಡಿಸಿದೆ. ಬುಲೆಟಿನ್ನಿನ ಕೊನೆಗೆ, ನಗುವ ಸಂಗೀತ ಹಾಕಿ, ಇಪ್ಪತ್ತು ಸೆಕೆಂಡು. 129 ವರ್ಷದ ಹಿಂದೆ ಶ್ರೀಮಂತರಿಂದ ಕಪ್ಪು ಕಿತ್ತುಕೊಂಡ ನೇಕಾರರ ಊರು ಆ ರಾತ್ರಿ ಅಳುತ್ತಿತ್ತು. ನಾನು ತೋರಿಸಿದ್ದು ಕೋಳಿ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ? ಆ ಹುಡುಗ ಹೊರಡುವ ಮುಂಚೆ ಒಂದು ಮಾತು ಹೇಳಿದ. ಮಗ್ಗ ನಿಲ್ಲಿಸಿಯೇ ಹೇಳಿದ.

‘ಸರ, ನಮ್ಮ ದೊಡ್ಡಪ್ಪ ನಿಮ್ಮ ಚಾನೆಲ್ಲಿನ್ಯಾಗ ಬಂದಿದ್ದರೀ. ನೂಲಿನ ರೇಟ್ ಏರೈತಿ, ಸೀರಿಗೆ ರೇಟ್ ಇಲ್ಲ, ಸಾಲ ಆಗೈತಿ ಅಂತ ಮಾತಾಡಿದ್ದ. ನೀವು ಅದಕ್ಕ ನಗೂ ಮ್ಯೂಸಿಕ್ ಹಾಕಿ ಬಿಟ್ರಿ. ಅವನ ಮಾತಿನ ಧಾಟಿಗೆ ಎಲ್ಲಾರೂ ನಕ್ಕರು. ಆಮ್ಯಾಲೆ ಅಂವಾ ಮೈಕ್ ಕಂಡ್ರ ಒಳಗ ಹೋಗ್ತಾನ್ರೀ.’

ಹುಡುಕಿಸಿದೆ. ನಿಜ. ನಮ್ಮ ಡೆಸ್ಕಿನಲ್ಲೇ ಕತ್ತರಿಸಿದ್ದು. ಸಾಲದ ಮಾತು ತೆಗೆದು, ನಗು ಬರುವ ಎರಡು ವಾಕ್ಯ ಉಳಿಸಿದ್ದರು. ಬೇರೆಯವರ ಕೆಲಸ ಎಂದು ಜಾರಿಕೊಳ್ಳಲಾರೆ. ಆ ಬುಲೆಟಿನ್ ಓದಿದವನು ನಾನೇ, ತೆರೆಯ ಮೇಲೆ ನಕ್ಕವನೂ ನಾನೇ.

ಉತ್ತರ ಕರ್ನಾಟಕದ ಮಾತನ್ನು ಬೆಂಗಳೂರಿನ ಪರದೆ ಎಷ್ಟು ವರ್ಷದಿಂದ ಕಾಮಿಡಿಗೆ ಬಳಸುತ್ತಿದೆ, ಲೆಕ್ಕ ಹಾಕಿ. 1884ರ ಆ ಲಂಡನ್ ಪತ್ರಿಕೆಗೂ ನಮಗೂ ಏನು ವ್ಯತ್ಯಾಸ? ಮುಧೋಳವನ್ನು ನಾಯಿಯ ತಳಿಯಿಂದ ಗುರುತಿಸುತ್ತೇವೆ, ಜಮಖಂಡಿಯನ್ನು ನೆರೆಯಿಂದ, ಬೀಳಗಿಯನ್ನು ಮುಳುಗಡೆಯಿಂದ. ಅಲ್ಲಿ ಬದುಕುವವನ ಮಾತು ಪೂರ್ತಿ ಕೇಳುವಷ್ಟು ಹೊತ್ತು ನಮಗಿಲ್ಲ. ಬರ್ನ್ಲಿಯ ತೊಂಬತ್ತು ನಿಮಿಷ ಮಾತ್ರ ಬನಹಟ್ಟಿಗೆ ಒಂದು ಸೆಕೆಂಡೂ ಕತ್ತರಿಸದೆ ತಲುಪುತ್ತದೆ. ಬನಹಟ್ಟಿಯ ಮೂರು ನಿಮಿಷ ಬೆಂಗಳೂರಿಗೆ ತಲುಪುವುದಿಲ್ಲ.

ಆ ಹಿರಿಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ‘ಇರ್ಲಿ ಬಿಡ್ರೀ ಯಪ್ಪಾ, ನಕ್ಕಾರ ನಕ್ಕೋಲಿ. ನೂಲಿನ ಸುದ್ದಿ ಹೇಳ್ರಿ’ ಅಂದರು.

ಮುಂದಿನ ವಾರ ಹೇಳಿದೆ. ಮೂರು ನಿಮಿಷ, ಅವರದೇ ಧಾಟಿಯಲ್ಲಿ, ಸಂಗೀತ ಇಲ್ಲದೆ. ಹಿಂದೆ ಕೇಳಿಸುತ್ತಿದ್ದದ್ದು ಮಗ್ಗದ ಸಪ್ಪಳ ಮಾತ್ರ. ಟಿಆರ್‌ಪಿ ಏನೂ ಬರಲಿಲ್ಲ. ಆದರೆ ಆ ಹುಡುಗನ ಮೆಸೇಜು ಬಂತು: ‘ದೊಡ್ಡಪ್ಪ ಪೂರಾ ನೋಡಿದ್ರೀ ಸರ.’