ಕೋತಗಿರಿಯ ಕುಲುಮೆ: ನೀಲಗಿರಿಯ ಕೈಕಸುಬು ಮತ್ತು ವಸ್ತುಸಂಗ್ರಹಾಲಯ

ಕೋತಗಿರಿ ಎಂಬ ಊರ ಹೆಸರಿನ ಕೊನೆಯಲ್ಲಿರುವುದು ಬೆಟ್ಟವಲ್ಲ, ಕೇರಿ. 'ಕೋತರ ಕೇರಿ' ಎಂಬುದೇ ಬಳಕೆಯಲ್ಲಿ ಸವೆದು ಕೋತಗಿರಿಯಾಯಿತೆಂಬ ವಿವರಣೆ ಬ್ರಿಟಿಷ್ ಕಾಲದ ಬರಹಗಳಿಂದ ಇಂದಿನವರೆಗೂ ನಡೆದುಬಂದಿದೆ. ನಮಗೆ ನಿತ್ಯಪರಿಚಿತವಾದ ಕೇರಿಯ ಮೇಲೆ ಸಂಸ್ಕೃತದ ಗಿರಿ ಬಂದು ಕುಳಿತಾಗ, ಆ ಕೇರಿಯಲ್ಲಿ ಕಬ್ಬಿಣ ಕಾಯಿಸುತ್ತಿದ್ದವರೂ ಮಡಕೆ ಮಾಡುತ್ತಿದ್ದವರೂ ಹೆಸರಿನಿಂದ ಮರೆಯಾದರು. ನೀಲಗಿರಿಯ ಕೈಕಸುಬುಗಳನ್ನು ಸಂಗ್ರಹಿಸಿ ಉಳಿಸುವ ಪ್ರಯತ್ನಗಳ ಚರಿತ್ರೆಯಲ್ಲಿಯೂ ಇಂಥದೇ ಒಂದು ಮರೆವು ನಡೆದಿದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವ ಬಡಗರಿಗೆ ಈ ಚರಿತ್ರೆಯಲ್ಲಿ ಕೊಳ್ಳುವವರ ಸ್ಥಾನವಿರುವುದರಿಂದ, ಇದು ನಮ್ಮ ಅಧ್ಯಯನದ ಅಂಚಿನ ವಿಷಯವೆನಿಸದು.

ನೀಲಗಿರಿಯ ವಸ್ತುಗಳು ಕ್ರಮಬದ್ಧವಾಗಿ ಸಂಗ್ರಹವಾಗತೊಡಗಿದ್ದು ಒಂದು ಸರ್ಕಾರಿ ಕೋರಿಕೆಯಿಂದ. 1871ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ, ಮೂಲನಿವಾಸಿಗಳ ಆಯುಧ, ಒಡವೆ, ಉಡುಪು, ಮನೆಬಳಕೆಯ ಪಾತ್ರೆಪದಾರ್ಥಗಳನ್ನು ಕಳುಹಿಸಿಕೊಡುವಂತೆ ಕೇಳಿತು. ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಆ ಕೆಲಸವನ್ನು ಕೈಗೆತ್ತಿಕೊಂಡ. ಕೇಳಿದ್ದಷ್ಟನ್ನೇ ಮಾಡಿ ಮುಗಿಸುವ ಸ್ವಭಾವ ಅವನದಲ್ಲ. ಬೆಟ್ಟದ ಮೇಲಿನ ಕಲ್ಗೋರಿಗಳನ್ನೂ ಅಗೆಸಿದ. 1872ರಲ್ಲಿ ಅವನು ತೀರಿಕೊಂಡನು. ಅವನು ಬಿಟ್ಟುಹೋದ ಬರಹವನ್ನು ಹೆಂಡತಿ ಪರಿಷ್ಕರಿಸಿ 1873ರಲ್ಲಿ ಲಂಡನ್ನಿನಿಂದ ಪ್ರಕಟಿಸಿದಳು. ಗೋರಿಗಳಲ್ಲಿ ದೊರೆತ ಕಂಚಿನ ಬಟ್ಟಲುಗಳೂ ಪ್ರಾಣಿಗಳ ಆಕೃತಿಯ ಮುಚ್ಚಳವುಳ್ಳ ಮಡಕೆಗಳೂ ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಬ್ರೀಕ್ಸನ ಗ್ರಂಥ ಒಂದೊಂದು ಬುಡಕಟ್ಟನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ವಿವರಿಸುತ್ತದೆ. ಮುಂದಿನ ಸಂಗ್ರಹಾಲಯಗಳೂ ಸಾಮಾನ್ಯವಾಗಿ ಅದೇ ಕ್ರಮವನ್ನು ಹಿಡಿದವು: ತೋಡರಿಗೊಂದು ಕಪಾಟು, ಕೋತರಿಗೊಂದು, ಕುರುಂಬರಿಗೊಂದು. ನೋಡಲು ಅನುಕೂಲ, ವರ್ಗೀಕರಣಕ್ಕೂ ಅನುಕೂಲ. ಆದರೆ ನೀಲಗಿರಿಯಲ್ಲಿ ಒಂದು ವಸ್ತು ಯಾರದು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಸಾಲದು. ಬಡಗರ ಹೊಲದ ಗುದ್ದಲಿಯನ್ನು ಬಡಿದವನು ಕೋತ. ತೋಡರ ಸಾವಿನಲ್ಲಿ ಕೊಳಲೂದಿದವನು ಕೋತ. ಬಡಗರ ಮನೆಯ ಮಡಕೆಯನ್ನು ಮಾಡಿದವಳು ಕೋತ ಹೆಂಗಸು. ಪ್ರತಿಯಾಗಿ ಬಡಗರಿಂದ ಧಾನ್ಯ, ತೋಡರಿಂದ ತುಪ್ಪ ಮತ್ತು ಸಾವಿನಲ್ಲಿ ಬಲಿಯಾದ ಎಮ್ಮೆಗಳು ಕೋತರಿಗೆ ಸಲ್ಲುತ್ತಿದ್ದವು. ಕುರುಂಬರು ಕಾಡಿನ ಉತ್ಪನ್ನಗಳನ್ನು ತರುತ್ತಿದ್ದರು. ಅವರ ಮಾಟಕ್ಕೆ ಉಳಿದವರೆಲ್ಲರೂ ಹೆದರುತ್ತಿದ್ದರು, ಅದರ ರಕ್ಷಣೆಯನ್ನೂ ಬೇಡುತ್ತಿದ್ದರು. ಈ ವ್ಯವಸ್ಥೆಯನ್ನು ಸೌಹಾರ್ದದ ಚಿತ್ರವಾಗಿ ಬಣ್ಣಿಸುವುದು ತಪ್ಪಾದೀತು. ಕಸುಬಿಲ್ಲದೆ ನೆರೆಯವರ ಬದುಕು ಸಾಗದಿದ್ದರೂ, ಸತ್ತ ಎಮ್ಮೆಯ ಮಾಂಸ ತಿನ್ನುವವರೆಂದು ಕೋತರನ್ನು ಕೀಳಾಗಿ ಕಾಣಲಾಗುತ್ತಿತ್ತು.

ಕೋತರ ಸೃಷ್ಟಿಕಥೆಯೊಂದು ಈ ಸಂಬಂಧವನ್ನು ಬೇರೆಯೇ ರೀತಿ ನೋಡುತ್ತದೆ. ಕಾಮಟ್ರಾಯನೆಂಬ ದೇವರು ಹಣೆಯ ಬೆವರನ್ನು ಒರೆಸಿದಾಗ ಬಿದ್ದ ಮೂರು ಹನಿಗಳಿಂದ ತೋಡ, ಕುರುಂಬ, ಕೋತ ಮೂವರೂ ಹುಟ್ಟಿದರಂತೆ. ಒಂದೇ ಹಣೆಯ ಬೆವರಾದ ಮೇಲೆ ಮೇಲು ಯಾರು, ಕೀಳು ಯಾರು? ನನ್ನ ಕುತೂಹಲ ಮಾತ್ರ ಈ ಕಥೆಯಲ್ಲಿ ಇಲ್ಲದವರ ಕಡೆಗಿದೆ. ಬಡಗರಿಗೆ ಇಲ್ಲಿ ಹನಿಯಿಲ್ಲ. ಹೆಸರೇ ಹೇಳುವಂತೆ ಅವರು ಬಡಗಣ ದಿಕ್ಕಿನಿಂದ, ಮೈಸೂರು ಸೀಮೆಯಿಂದ ಹತ್ತಿ ಬಂದವರು. ಹುಟ್ಟಿನ ಕಥೆಯಲ್ಲಿ ಪಾಲಿಲ್ಲದ ಈ ವಲಸಿಗರೇ ಸಂಖ್ಯೆಯಲ್ಲಿ ಬೆಳೆದು ಕೋತರ ಕುಲುಮೆಗೆ ಬಹುಮುಖ್ಯ ಗಿರಾಕಿಗಳಾದರು.

ಗಿರಾಕಿ ಎಂಬ ಮಾತು ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ಒಂದೊಂದು ಬಡಗ ಕುಟುಂಬಕ್ಕೂ ಗೊತ್ತುಪಡಿಸಿದ 'ಮುಟ್ಟು ಕೋತ' ಇರುತ್ತಿದ್ದ; ನೇಗಿಲು, ಗುದ್ದಲಿ, ಮಡಕೆಗಳು ಅವನಿಂದಲೇ ಬರಬೇಕು. ಅಡುಗೆಯ ಮುಟ್ಟು, ಪೂಜೆಯ ಮುಟ್ಟು ಎನ್ನುವ ಕನ್ನಡಿಗನಿಗೆ ಇಲ್ಲಿ ಉಪಕರಣವೆಂಬ ಅರ್ಥ ಒಡನೆ ಕೇಳಿಸುತ್ತದೆ. ಬಡಗು ಸ್ವತಂತ್ರ ಭಾಷೆಯೋ ಕನ್ನಡದ ಉಪಭಾಷೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಜನಗಣತಿಯಂತೂ ಅದನ್ನು ಕನ್ನಡದ ಲೆಕ್ಕಕ್ಕೇ ಸೇರಿಸಿಕೊಂಡು ಬಂದಿದೆ. ಲೆಕ್ಕಕ್ಕೆ ಸೇರಿಸಿಕೊಳ್ಳುವಾಗ ಚರಿತ್ರೆಯನ್ನು ಹೊರಗಿಡಲಾಗದು.

ಆ ಚರಿತ್ರೆ ತಿರುವು ಪಡೆದದ್ದು 1930ರ ಸುಮಾರಿಗೆ. ಆಲೂಗಡ್ಡೆಯ ಹಾಗೂ ಉದಕಮಂಡಲದ ಪೇಟೆಯ ಹಣ ಬಡಗರ ಹಟ್ಟಿಗಳನ್ನು ಸೇರಿತ್ತು. ಶಾಲೆ ಕಲಿತ ಒಂದು ತಲೆಮಾರು ಮೇಲೆದ್ದಿತ್ತು. ಸಾವಿನಲ್ಲಿ ಕೋತರ ವಾದ್ಯ ನುಡಿಸುವುದು ಮರ್ಯಾದೆಗೆ ಕುಂದು ಎಂದು ಸುಧಾರಕರು ವಾದಿಸಿದರು. ವಾದ್ಯ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಹಟ್ಟಿಗಳಲ್ಲಿ ಜಗಳಗಳೇ ನಡೆದವು. 1937-38ರಲ್ಲಿ ಅಲ್ಲಿದ್ದ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡೆಲ್ಬಾಂ ಈ ಬಿರುಕನ್ನು ದಾಖಲಿಸಿದ್ದಾನೆ. ಕೋತರ ಕಡೆ 1920ರ ದಶಕದ ಸಾಂಕ್ರಾಮಿಕ ಜ್ವರ ಕೊಲ್ಲಿಮಲೆಯ ಹಿರಿಯರನ್ನು ಕೊಂಡೊಯ್ದಿತ್ತು. ವಾದ್ಯ ಹೋದ ದಾರಿಯಲ್ಲಿಯೇ ಗುದ್ದಲಿಯೂ ಹೋಯಿತು; ಪೇಟೆಯ ಕಬ್ಬಿಣ ಅಗ್ಗ, ಲೋಹದ ಪಾತ್ರೆ ಒಡೆಯುವುದಿಲ್ಲ. ಸುಧಾರಣೆಯ ಭಾಷೆಯಲ್ಲಿ ಇದು ಮುನ್ನಡೆ. ಅವರ ನಿರ್ಧಾರವನ್ನು ಇಂದು ಕುಳಿತು ದೂಷಿಸುವುದು ಸುಲಭ, ನ್ಯಾಯವಲ್ಲ. ಆದರೆ ಕುಲುಮೆ ತಣ್ಣಗಾದದ್ದು ಕುಶಲತೆ ಮರೆತುದರಿಂದಲ್ಲ, ನೆರೆಯವರು ಬರುವುದನ್ನು ನಿಲ್ಲಿಸಿದ್ದರಿಂದ ಎಂಬುದನ್ನು ಬರೆದಿಡಲೇಬೇಕು.

ಉದಕಮಂಡಲದ ಬಳಿ ಮುತ್ತೊರೈ ಪಾಲಡದಲ್ಲಿ ತಮಿಳುನಾಡು ಸರ್ಕಾರದ ಬುಡಕಟ್ಟು ಸಂಶೋಧನ ಕೇಂದ್ರ 1983ರಿಂದ ಇದೆ. ಅದರ ಸಂಗ್ರಹಾಲಯ ವಸ್ತುಗಳನ್ನೂ ಮನೆಗಳ ಮಾದರಿಗಳನ್ನೂ ಜೋಪಾನವಾಗಿಟ್ಟಿದೆ. ಆದರೆ ಜೋಪಾನಕ್ಕೂ ಬೇಡಿಕೆಗೂ ಇರುವ ಅಂತರವನ್ನು ತುಂಬುವುದು ಸಂಗ್ರಹಾಲಯದ ಕೆಲಸವೇ? ಹೌದೆಂದು ನಂಬಿ ನಡೆದ ಸಂಸ್ಥೆಯೊಂದು ಲಾವೋಸಿನ ಲುವಾಂಗ್ ಪ್ರಬಾಂಗಿನಲ್ಲಿದೆ. 2007ರಲ್ಲಿ ತೆರೆದ ಅಲ್ಲಿನ ಸಾಂಪ್ರದಾಯಿಕ ಕಲೆ ಮತ್ತು ಜನಾಂಗಶಾಸ್ತ್ರ ಕೇಂದ್ರ ಪ್ರದರ್ಶನಾಲಯದ ಜೊತೆಗೇ ಅಂಗಡಿಯನ್ನೂ ನಡೆಸುತ್ತದೆ. ಮಾರಾಟದ ಹಣದಲ್ಲಿ ಸುಮಾರು ಅರ್ಧ ನೇರವಾಗಿ ಅಲ್ಪಸಂಖ್ಯಾತ ಜನಾಂಗಗಳ ಕುಶಲಕರ್ಮಿಗಳಿಗೆ ಸೇರುತ್ತದೆ. 2019ರಲ್ಲಿ ಇಟಲಿಯ ಉಡುಪು ಸಂಸ್ಥೆಯೊಂದು ಓಮ ಜನರ ಸೂಜಿಕೆಲಸದ ವಿನ್ಯಾಸಗಳನ್ನು ಬಟ್ಟೆಯ ಮೇಲೆ ಅಚ್ಚುಹಾಕಿ ಮಾರಿತೆಂದು ಬಹಿರಂಗವಾಗಿ ದನಿಯೆತ್ತಿದ್ದೂ ಈ ಕೇಂದ್ರವೇ. ಕಪಾಟಿನ ಚೀಟಿ ಮಾಡಿದವರ ಪರವಾಗಿ ಸಾಕ್ಷಿ ನುಡಿಯಿತು ಎನ್ನಬಹುದು.

ನೀಲಗಿರಿಯಲ್ಲಿ ಅಂಥ ಸಾಕ್ಷ್ಯ ದೊರೆತದ್ದು ತೋಡರ ಕಸೂತಿಗೆ. ತೋಡರ ಸಂಘ, ಕೋತಗಿರಿಯ ಕೀಸ್ಟೋನ್ ಪ್ರತಿಷ್ಠಾನ ಮತ್ತು ತಮಿಳುನಾಡಿನ ಕರಕುಶಲ ನಿಗಮವಾದ ಪೂಂಪುಹಾರ್ ಒಟ್ಟಾಗಿ ಅರ್ಜಿ ಹಾಕಿ, 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದವು. ಬಿಳಿಯ ದಪ್ಪ ಹತ್ತಿಬಟ್ಟೆಯ ಮೇಲೆ ಕೆಂಪು ಮತ್ತು ಕಪ್ಪು ನೂಲು. ಮೊದಲೇ ಬರೆದುಕೊಂಡ ನಕ್ಷೆಯಿಲ್ಲ, ಚೌಕಟ್ಟಿಲ್ಲ, ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಯೇ ಹೆಂಗಸರು ಸೂಜಿ ನಡೆಸುತ್ತಾರೆ. ಧಾರವಾಡದ ಕಸೂತಿಯ ಗವಂತಿ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣಿಸುವುದೆಂದು ನಾವು ಹೆಮ್ಮೆಪಡುತ್ತೇವೆ. ತೋಡರಿಗೆ ಕುಚ್ಚುಕುಚ್ಚಾಗಿ ಉಬ್ಬಿ ಒರಟಾಗಿರುವ ಮಗ್ಗುಲೇ ಸರಿಯಾದ ಮಗ್ಗುಲು. ಆ ಬಟ್ಟೆಯನ್ನಾಗಲಿ ನೂಲನ್ನಾಗಲಿ ತೋಡರು ತಾವೇ ತಯಾರಿಸಿದವರಲ್ಲ ಎಂಬುದನ್ನೂ ಮರೆಯಬಾರದು. ಮಾನ್ಯತೆಯ ಪತ್ರದಲ್ಲಿ ಒಂದೇ ಸಮುದಾಯದ ಹೆಸರಿದ್ದರೂ ಹೊದಿಕೆಯಲ್ಲಿ ಬಯಲುಸೀಮೆಯ ಮಗ್ಗವೂ ಇದೆ.

ಕಸೂತಿ ಹೀಗೆ ಉಳಿದು ಕೋತರ ಕಬ್ಬಿಣವೇಕೆ ಉಳಿಯಲಿಲ್ಲ? ಪ್ರವಾಸಿಗೆ ಗುದ್ದಲಿಗಿಂತ ಶಾಲು ಪ್ರಿಯವೆಂಬುದು ಅರ್ಧ ಉತ್ತರ ಮಾತ್ರ. ಕಸೂತಿಯ ಹೊದಿಕೆಯಾದ ಪುತ್ಕುಳಿ ಕೊಳ್ಳುವವರು ಬರುವುದಕ್ಕೂ ಮೊದಲೇ ತೋಡರಿಗೆ ಬೇಕಾಗಿತ್ತು. ಸತ್ತವರನ್ನು ಅದರಲ್ಲಿ ಸುತ್ತಿಯೇ ಕಳುಹಿಸಬೇಕು. ಕೋತರ ಗುದ್ದಲಿ ಮೊದಲಿನಿಂದಲೂ ಇನ್ನೊಬ್ಬರ ಹೊಲಕ್ಕಾಗಿ ಇತ್ತು. ಅವರ ಕಸುಬಿನಲ್ಲಿಯೂ ತಮಗಾಗಿ ಮಾಡಿಕೊಂಡ ಭಾಗ ಅಳಿದಿಲ್ಲ. ವರ್ಷಕ್ಕೊಮ್ಮೆ ದೇವರ ಹಬ್ಬದ ದಿನಗಳಲ್ಲಿ ಊರವರು ಕೂಡಿ ಮಣ್ಣು ತೋಡಲು ಹೋಗುತ್ತಾರೆ. ಗಂಡಸರು ಕೊಳಲೂದಿ ಡೋಲು ಬಾರಿಸುತ್ತಾರೆ, ಹೆಂಗಸರು ಆ ಮಣ್ಣಿನಿಂದ ಮಡಕೆ ಮಾಡುತ್ತಾರೆ.